ಕುಂಬಳೆಯ ಮೊಸಳೆಗೆ ಒಂದು ಮುದ್ರೆ ಕೊಡಿ

ಚೀಫ್ ಪೋಸ್ಟ್‌ಮಾಸ್ಟರ್ ಜನರಲ್ ಅವರಿಗೆ,
ಕೇರಳ ಅಂಚೆ ವೃತ್ತ, ತಿರುವನಂತಪುರ

ಮಾನ್ಯರೇ,

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವನು. ಸ್ವಲ್ಪ ಅಡಿಕೆ ತೋಟ ಉಂಟು, ಜಾಸ್ತಿ ಸ್ಟಾಂಪಿನ ಹುಚ್ಚು ಉಂಟು. ಮೊದಲನೆಯದರಲ್ಲಿ ಬಂದದ್ದು ಎರಡನೆಯದಕ್ಕೆ ಹೋಗುತ್ತದೆ ಅಂತ ಮನೆಯವಳ ದೂರು. ಅದು ಪೂರ್ತಿ ಸುಳ್ಳಲ್ಲ.

ಕುಂಬಳೆಯ ಹತ್ತಿರದ ಅನಂತಪುರದ ಕೆರೆಯಲ್ಲಿ ಒಂದು ದೇವರ ಮೊಸಳೆ ಇತ್ತು. ಅದರ ಚಿತ್ರ ಇರುವ ಒಂದು ವಿಶೇಷ ಸೀಲನ್ನು ಕುಂಬಳೆ ಅಂಚೆಕಚೇರಿಗೆ ಕೊಡಿ ಅಂತ ಕೇಳಲಿಕ್ಕೆ ಈ ಪತ್ರ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಯಲ್ಲಿ ಕನ್ನಡ ಓದುವವರು ಸಿಗದಿದ್ದರೆ ನಮ್ಮ ಕಡೆಯ ಯಾವುದಾದರೂ ಪೋಸ್ಟ್‌ಮ್ಯಾನಿಗೆ ಫೋನ್ ಮಾಡಿ. ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ ಎಲ್ಲ ಅವರಿಗೆ ಒಂದೇ ಚೀಲದೊಳಗಿನ ಸಾಮಾನು. ಅವರೇ ಓದಿ ಹೇಳಿಯಾರು.

ನಾನು ಸಿಕ್ಕಿದ ಸ್ಟಾಂಪನ್ನೆಲ್ಲ ಸೇರಿಸುವವನಲ್ಲ. ರೈಲು, ಹಕ್ಕಿ, ಕ್ರಿಕೆಟ್ ನನಗೆ ಬೇಡ. ದೇವರು, ದೈವ, ರಾಕ್ಷಸ, ಮಾತಾಡುವ ಪ್ರಾಣಿ, ಅಜ್ಜಿಕಥೆ ಇಷ್ಟೇ ಸಾಕು. ಈ ಹುಚ್ಚು ಹಿಡಿದದ್ದು 1983ರ ಸುಮಾರಿಗೆ, ಶಾಲೆಯಲ್ಲಿ. ನೆಲ್ಲಿಕಟ್ಟೆಯಿಂದ ಬರುತ್ತಿದ್ದ ಸಹಪಾಠಿಯ ಅಪ್ಪ ಗಲ್ಫಿನಲ್ಲಿದ್ದರು. ಅವನ ಮನೆಗೆ ಬಂದ ಲಕೋಟೆಗಳ ಮೂಲೆ ಕತ್ತರಿಸಿ ನನಗೆ ತಂದುಕೊಡುತ್ತಿದ್ದ. ಬದಲಿಗೆ ನಾನು ಅವನಿಗೆ ಗಣಿತದ ಮನೆಕೆಲಸ ಮಾಡಿಕೊಡಬೇಕು. ತಟ್ಟೆಯಲ್ಲಿ ನೀರು ಹಾಕಿ ಆ ತುಂಡುಗಳನ್ನು ತೇಲಿಬಿಡುವುದು, ಗೋಂದು ಬಿಟ್ಟ ಮೇಲೆ ಮೆಲ್ಲ ಎತ್ತಿ ಮುಖ ಕೆಳಗೆ ಮಾಡಿ ಒಣಗಿಸುವುದು. ಬೇಸಗೆಯಲ್ಲಿ ಅಂಗಳದ ತುಂಬ ಹಲಸಿನ ಹಪ್ಪಳ ಒಣಗುತ್ತಿತ್ತು. ಅದೇ ಓಲೆಚಾಪೆಯ ಒಂದು ಮೂಲೆ ನನಗೆ. ಕಾಗೆ ಓಡಿಸುವ ಕೆಲಸವೂ ನನಗೇ. ಒಮ್ಮೆ ಗಾಳಿಗೆ ಹಾರಿದ, ಶಾರ್ಜಾದಿಂದ ಬಂದ ಸ್ಟಾಂಪೊಂದು ಹಸಿ ಹಪ್ಪಳಕ್ಕೆ ಅಂಟಿಕೊಂಡಿತು. ಯಾರೂ ನೋಡಲಿಲ್ಲ. ಆ ವರ್ಷದ ಆಟಿ ತಿಂಗಳಲ್ಲಿ ಅದು ಎಣ್ಣೆಗೆ ಬಿತ್ತು.

ಮೊದಲ ಸಲ ಸ್ಟಾಂಪು ಅಂದರೆ ಬರೀ ಬಣ್ಣದ ಕಾಗದ ಅಲ್ಲ ಅಂತ ಅನ್ನಿಸಿದ್ದು ಅಜ್ಜಿಯಿಂದ. ದೊಡ್ಡಪ್ಪನ ಹಳೆಯ ಕಾಗದದ ಕಟ್ಟಿನಲ್ಲಿ ನನಗೆ 1974ರ ಮುಖವಾಡಗಳ ಸಾಲಿನ ಎರಡು ಸ್ಟಾಂಪು ಸಿಕ್ಕಿದ್ದವು. ಆ ಸಾಲಿನಲ್ಲಿ ಒಟ್ಟು ನಾಲ್ಕು: ಸೂರ್ಯ, ಚಂದ್ರ, ನರಸಿಂಹ, ರಾವಣ. ನನಗೆ ಸಿಕ್ಕಿದ್ದು ಕೊನೆಯ ಎರಡು. ನರಸಿಂಹನನ್ನು ಅಜ್ಜಿಗೆ ತೋರಿಸಿದೆ. ಅವರು ಕನ್ನಡಕ ಸರಿ ಮಾಡಿ, ಸ್ಟಾಂಪನ್ನು ಬೆಳಕಿಗೆ ಹಿಡಿದು, "ಇದು ನಮ್ಮ ವಿಷ್ಣುಮೂರ್ತಿ ಅಲ್ವಾ" ಅಂದರು. ಕಣ್ಣಿಗೆ ಒತ್ತಿಕೊಂಡು ವಾಪಸು ಕೊಟ್ಟರು.

ಅದು ನಮ್ಮ ವಿಷ್ಣುಮೂರ್ತಿ ಆಗಿರಲಿಲ್ಲ. ಬೇರೆ ಎಲ್ಲಿಯದೋ ಮುಖವಾಡ. ಆದರೆ ಒತ್ತೆಕೋಲ, ಅಂದರೆ ವಿಷ್ಣುಮೂರ್ತಿ ದೈವದ ಕೋಲ, ನೋಡಿ ಬೆಳೆದ ಅಜ್ಜಿಗೆ ನರಸಿಂಹ ಅಂದರೆ ಕೆಂಡದ ರಾಶಿಗೆ ಹಾರುವ ಆ ದೈವವೇ. ರಾವಣನ ಸ್ಟಾಂಪನ್ನು ಅವರು ಮುಟ್ಟಲಿಲ್ಲ. ನನಗೆ ಮಾತ್ರ ರಾವಣನೇ ಜಾಸ್ತಿ ಇಷ್ಟ. ನರಸಿಂಹನಿಗೆ 1 ರೂಪಾಯಿ, ರಾವಣನಿಗೆ 2 ರೂಪಾಯಿ. ಬಯಲಾಟ ನೋಡುವವರಿಗೆ ಈ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ದೊಂದಿಯ ಬೆಂಕಿಗೆ ರಾಳದ ಹುಡಿ ಎರಚಿಕೊಂಡು ಬರುವ ರಾಕ್ಷಸರ ಬಣ್ಣದ ವೇಷಕ್ಕಿಂತ ಬೆಲೆ ಯಾರಿಗುಂಟು?

ಇಲಾಖೆ ಪುರಾಣದ ವಿಷಯದಲ್ಲಿ ಜಿಪುಣ ಅಂತ ನಾನು ಹೇಳುವುದಿಲ್ಲ. ನನ್ನ ಆಲ್ಬಮ್ಮೇ ಸಾಕ್ಷಿ. 1978ರಲ್ಲಿ ಕೃಷ್ಣಾರ್ಜುನರ ರಥದೊಡನೆ ಭಗವದ್ಗೀತೆಯ ಸ್ಟಾಂಪು ಬಂತು. 2009ರಲ್ಲಿ ಜಯದೇವ ಕವಿಯ ಜೊತೆಗೆ ದಶಾವತಾರ, ಒಟ್ಟು 11. 2017ರಲ್ಲಿ ವಾರಾಣಸಿಯಲ್ಲಿ ಬಿಡುಗಡೆಯಾದ ರಾಮಾಯಣದ ಹಾಳೆ, ಅದೂ 11. ಚೆನ್ನಾಗಿಯೇ ಇವೆ. ಆದರೆ ಅವೆಲ್ಲ ಇಡೀ ದೇಶಕ್ಕೆ ಗೊತ್ತಿರುವ ಕಥೆಗಳು. ಒಂದು ಊರಿಗೆ ಮಾತ್ರ ಗೊತ್ತಿರುವ ಕಥೆ, ಒಂದು ಕೆರೆಗೆ ಮಾತ್ರ ಸೇರಿದ ಕಥೆ, ಒಂದು ಮರದ ಬುಡದಲ್ಲಿ ಮಾತ್ರ ಹೇಳುವ ಕಥೆ ಅಂತ ಇರುತ್ತದಲ್ಲ, ಅಂಥವಕ್ಕೆ ನನ್ನ ಆಲ್ಬಮ್ಮಿನಲ್ಲಿ ಬಿಟ್ಟ ಪುಟಗಳು ಇನ್ನೂ ಖಾಲಿ.

ಮೊಸಳೆಯ ಮಾತಿಗೆ ಬರುತ್ತೇನೆ. ಇಲಾಖೆ ಮೊಸಳೆಗೆ ಒಮ್ಮೆ ಪಾರ್ಟು ಕೊಟ್ಟಿದೆ. 2001ರಲ್ಲಿ ಪಂಚತಂತ್ರದ ನಾಲ್ಕು ಕಥೆಗಳು ಜೋಡಿ ಜೋಡಿ ಸ್ಟಾಂಪುಗಳಾಗಿ ಬಂದವು. ಅದರಲ್ಲಿ ಮಂಗ ಮತ್ತು ಮೊಸಳೆಯ ಕಥೆಯೂ ಒಂದು. ಹೆಂಡತಿಯ ಮಾತು ಕೇಳಿ ಗೆಳೆಯನ ಎದೆಗುಂಡಿಗೆ ತಿನ್ನಲು ಹೊರಟ ಪೆದ್ದ ಮೊಸಳೆ. ನನಗೆ ಆ ಸ್ಟಾಂಪು ಇಷ್ಟವೇ. ಆದರೆ ಅನಂತಪುರದ ಕೆರೆ ನೋಡಿದವನಿಗೆ ಮೊಸಳೆಯನ್ನು ಖಳನಾಯಕ ಅಂತ ಒಪ್ಪುವುದು ಸ್ವಲ್ಪ ಕಷ್ಟ.

ನೀವು ಇರುವ ಊರಿಗೂ ನಮ್ಮ ಅನಂತಪುರಕ್ಕೂ ಇರುವ ಸಂಬಂಧ ನಿಮಗೆ ಗೊತ್ತಿರಬಹುದು. ಇಲ್ಲಿನ ಕಥೆ ಹೀಗೆ. ಕುಂಬಳೆಯ ಹತ್ತಿರ ಕೆರೆಯ ನಡುವಿನ ಆ ಜಾಗದಲ್ಲಿ ವಿಲ್ವಮಂಗಲ ಸ್ವಾಮಿಗಳು ಪೂಜೆ ಮಾಡಿಕೊಂಡಿದ್ದರು. ಒಬ್ಬ ಹುಡುಗ ಬಂದು ಸೇವೆಗೆ ನಿಂತ. ತುಂಟ ಹುಡುಗ. ಒಂದು ದಿನ ಪೂಜೆಯ ಹೊತ್ತಿಗೆ ಅವನ ಕೀಟಲೆ ಮಿತಿಮೀರಿ, ಸ್ವಾಮಿಗಳು ಕೈಯಿಂದ ದೂಡಿದರು. ಹುಡುಗ ಮಾಯ. ಅವನು ಮಾಯವಾದ ಕಡೆ ಒಂದು ಗುಹೆ. ಸ್ವಾಮಿಗಳು ಗುಹೆಯೊಳಗೆ ಅವನ ಬೆನ್ನು ಹತ್ತಿ, ಕಡಲು ಕಂಡು, ತೆಂಕಲಿಗೆ ನಡೆದು, ಕೊನೆಗೆ ಇಪ್ಪೆಯ ಮರವೊಂದು ಬಿದ್ದು ಅನಂತಶಯನನಾದದ್ದನ್ನು ನೋಡಿದರು. ಆ ಜಾಗವೇ ತಿರುವನಂತಪುರ. ಹಾಗಾಗಿ ನಮ್ಮ ಅನಂತಪುರವನ್ನು ಪದ್ಮನಾಭನ ಮೂಲಸ್ಥಾನ ಅನ್ನುತ್ತಾರೆ.

ದೇವರು ಹೋದ. ಕೆರೆ ಉಳಿಯಿತು, ಕೆರೆಯಲ್ಲಿ ಮೊಸಳೆ ಉಳಿಯಿತು. 1945ರಲ್ಲಿ ಬ್ರಿಟಿಷ್ ಸೈನಿಕನೊಬ್ಬ ಒಂದು ಮೊಸಳೆಗೆ ಗುಂಡು ಹೊಡೆದ, ಅವನಿಗೆ ಹಾವು ಕಚ್ಚಿತು, ಸ್ವಲ್ಪ ದಿನದಲ್ಲೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು ಅಂತ ಹಿರಿಯರು ಹೇಳುತ್ತಾರೆ. ಹಾಗೆ ಬಂದದ್ದೇ ಬಬಿಯಾ. ಪೂಜೆ ಕಳೆದ ಮೇಲೆ ನೈವೇದ್ಯದ ಅನ್ನ ತಿನ್ನುವ ಮೊಸಳೆ. ನಾನು ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೇನೆ. ನೀರಿನಲ್ಲಿ ಮರದ ತುಂಡು ತೇಲಿದ ಹಾಗೆ ಕಂಡಿತು. ಅಷ್ಟೇ. ಆದರೆ ಅಲ್ಲಿದ್ದ ಎಲ್ಲರೂ ಮಾತು ನಿಲ್ಲಿಸಿದ್ದು ನೆನಪುಂಟು. 2022ರ ಅಕ್ಟೋಬರಿನಲ್ಲಿ ಬಬಿಯಾ ತೀರಿಕೊಂಡಾಗ ಸುತ್ತಮುತ್ತಲಿನ ಜನ ಸಾಲುಗಟ್ಟಿ ಬಂದು ಕೈಮುಗಿದರು. ಮರುವರ್ಷ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿತು. ಎಲ್ಲಿಂದ ಬಂತು ಅಂತ ನಾವು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ.

ಈಗ ನನ್ನ ಸಂಗ್ರಹದ ಒಂದು ಸಣ್ಣ ಹೆಮ್ಮೆ ಹೇಳುತ್ತೇನೆ. ನನ್ನ ಹತ್ತಿರ ಹಳೆಯ ತಿರುವಾಂಕೂರು ರಾಜ್ಯದ ಅಂಚಲಿನ, ಅಂದರೆ ಅಲ್ಲಿನ ಸ್ವಂತ ಅಂಚೆಯ, ಒಂದು ಸ್ಟಾಂಪು ಉಂಟು. ತಿರುವಾಂಕೂರಿನವರು 1888ರಲ್ಲಿ ಸ್ವಂತ ಸ್ಟಾಂಪು ಶುರು ಮಾಡಿದರು. ಬೆಲೆ ಚಕ್ರಂ ಲೆಕ್ಕದಲ್ಲಿ. ಬೇರೆ ಕಡೆಯ ಸ್ಟಾಂಪಿನಲ್ಲಿ ರಾಣಿಯ ತಲೆ ಇರುತ್ತಿದ್ದ ಕಾಲ ಅದು. ಇದರಲ್ಲಿ ಶಂಖ. ಪದ್ಮನಾಭನ ಶಂಖ. 1750ರಲ್ಲಿ ಮಾರ್ತಾಂಡವರ್ಮ ರಾಜ್ಯವನ್ನೇ ಪದ್ಮನಾಭನ ಪಾದಕ್ಕೆ ಇಟ್ಟು ತಾನು ದಾಸ ಅಂದುಕೊಂಡಿದ್ದ. ರಾಜ್ಯವೇ ದೇವರದ್ದಾದ ಮೇಲೆ ಸ್ಟಾಂಪಿನಲ್ಲಿ ಇನ್ಯಾರ ಗುರುತು ಇರಬೇಕು? ತಿರುವಾಂಕೂರು, ಕೊಚ್ಚಿ ಒಂದಾದ ಮೇಲೂ ಆ ಅಂಚಲು ನಡೆಯಿತು. 1951ರಲ್ಲಿ ಭಾರತದ ಅಂಚೆಯಲ್ಲಿ ಸೇರಿತು. ನನ್ನ ಹತ್ತಿರ ಇರುವ ಆ ಸ್ಟಾಂಪು ಹಳೆಯ ಸ್ಟಾಂಪಿನ ವ್ಯಾಪಾರಿಯೊಬ್ಬರ ಹತ್ತಿರ ಚೌಕಾಸಿ ಮಾಡಿ ಕೊಂಡದ್ದು. ಬೆಲೆ ಮನೆಯಲ್ಲಿ ಇನ್ನೂ ಹೇಳಿಲ್ಲ.

ಅಂದರೆ ನೋಡಿ, ನಮ್ಮ ಕೆರೆಯಿಂದ ಗುಹೆ ಹಿಡಿದು ಹೋದವನಿಗೆ 1888ರಲ್ಲೇ ಸ್ಟಾಂಪು ಆಯಿತು. ಇಲ್ಲೇ ಕಾವಲು ನಿಂತವನಿಗೆ ಒಂದು ಸೀಲು ಕೂಡ ಇಲ್ಲ.

ಸಣ್ಣ ಊರಿನ ಸಣ್ಣ ಕಥೆಗೆ ಸ್ಟಾಂಪು ಎಲ್ಲಾದರೂ ಉಂಟಾ ಅಂತ ನೀವು ಕೇಳಬಹುದು. ಉಂಟು. ಉತ್ತರ ಅಟ್ಲಾಂಟಿಕ್ ಕಡಲಿನಲ್ಲಿ ಫ್ಯಾರೋ ದ್ವೀಪಗಳು ಅಂತ ಇವೆ. ಅಲ್ಲಿ ಇರುವವರು ಬರೀ 50 ಸಾವಿರ ಚಿಲ್ಲರೆ ಜನ. ನಮ್ಮ ಜಿಲ್ಲೆಯಲ್ಲಿ 2011ರ ಗಣತಿಯಲ್ಲೇ 13 ಲಕ್ಷ ದಾಟಿದ್ದೇವೆ. ಅವರು 1976ರಲ್ಲಿ ಸ್ವಂತ ಅಂಚೆ ಶುರು ಮಾಡಿದರು. 2007ರಲ್ಲಿ ಮಿಕ್ಲಡಾಲೂರ್ ಅನ್ನುವ ಒಂದು ಹಳ್ಳಿಯ ಕಥೆಯನ್ನು ಇಡೀ ಹಾಳೆ ಸ್ಟಾಂಪು ಮಾಡಿದರು. ಸೀಲ್ ಅನ್ನುವ ಕಡಲಪ್ರಾಣಿಗಳು ವರ್ಷಕ್ಕೊಂದು ರಾತ್ರಿ ಚರ್ಮ ಕಳಚಿ ದಡದಲ್ಲಿ ಮನುಷ್ಯರಾಗಿ ಕುಣಿಯುತ್ತವಂತೆ. ಒಬ್ಬ ರೈತ ಒಂದು ಹೆಣ್ಣಿನ ಚರ್ಮ ಕದ್ದು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟ. ಅವಳು ಹೆಂಡತಿಯಾದಳು, ಮಕ್ಕಳಾದವು. ಒಂದು ದಿನ ಅವನು ಬೀಗದಕೈ ಮರೆತು ಮೀನಿಗೆ ಹೋದ. ಅವಳು ಚರ್ಮ ತೊಟ್ಟು ಕಡಲಿಗೆ ಹೋದಳು. ನಾನು ಆ ದ್ವೀಪ ನೋಡಿಲ್ಲ, ನೋಡುವುದೂ ಇಲ್ಲ. ಆದರೆ ಬದಿಯಡ್ಕದಲ್ಲಿ ಕೂತು ಆ ಹೆಣ್ಣಿನ ಕಥೆ ಮೊಮ್ಮಗಳಿಗೆ ಹೇಳುತ್ತೇನೆ. ಒಂದು ಸ್ಟಾಂಪಿನಿಂದ ಆದದ್ದು ಇದು. ಯುರೋಪಿನ ದೇಶಗಳೆಲ್ಲ ವರ್ಷಕ್ಕೊಂದು ವಿಷಯ ಇಟ್ಟುಕೊಂಡು ಸ್ಟಾಂಪು ಮಾಡುತ್ತವೆ. 2022ರಲ್ಲಿ ಅವರ ವಿಷಯವೇ ಕಥೆ ಮತ್ತು ಪುರಾಣ.

ನಮ್ಮಲ್ಲಿ ಕಥೆಗೆ ಬರ ಇಲ್ಲ. ವಿಷ್ಣುಮೂರ್ತಿಯದ್ದೇ ತೆಗೆದುಕೊಳ್ಳಿ. ನೀಲೇಶ್ವರದ ಕಡೆಯ ಕಣ್ಣನ್ ಅನ್ನುವ ದನ ಕಾಯುವ ಹುಡುಗ, ಒಂದು ಮಾವಿನಹಣ್ಣಿನ ಕಾರಣಕ್ಕೆ ಧಣಿಯ ಸಿಟ್ಟಿಗೆ ಹೆದರಿ ಮಂಗಳೂರಿಗೆ ಓಡಿದ. ಅಲ್ಲಿ ದೈವದ ಸೇವೆ ಮಾಡಿಕೊಂಡಿದ್ದು ವರ್ಷಗಳ ಮೇಲೆ ಊರಿಗೆ ಬಂದ. ಬಂದವನು ಕೆರೆಗಿಳಿದು ಮೈ ತೊಳೆಯುವಾಗ ಧಣಿ ಕಡಿದ. ಆಮೇಲೆ ಆ ಮನೆಗೆ ನೆಮ್ಮದಿ ಇಲ್ಲ. ವಿಷ್ಣುಮೂರ್ತಿ ದೈವವನ್ನು ಕಟ್ಟಿ ನಂಬಬೇಕಾಯಿತು. ಚಂದ್ರಗಿರಿ ಹೊಳೆಯ ಆಚೆ ತೆಯ್ಯಂ, ಈಚೆ ಭೂತ, ಕೋಲ, ಒತ್ತೆಕೋಲ. ಹೆಸರು ಬೇರೆಯಾದರೂ ದೈವ ಅದೇ. ಪಿನ್‌ಕೋಡು ಇಲ್ಲಿ 671, ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ 575. ಕಣ್ಣನ್ ಓಡಿದ ದಾರಿಯಲ್ಲಿ ಅಂಥ ಗೆರೆ ಇರಲಿಲ್ಲ. ಆರಿಕ್ಕಾಡಿಯಲ್ಲಿ ಆಲಿ ಭೂತ ಉಂಟು. ಹೆಸರು ಮುಸ್ಲಿಮರದ್ದು, ಕಟ್ಟುವುದು ಹಿಂದೂಗಳ ದೈವದ ಉತ್ಸವವಾದ ಕಳಿಯಾಟದಲ್ಲಿ, ನೋಡಲು ಬರುವುದು ಎರಡೂ ಕಡೆಯವರು. ಮಧೂರಿನಲ್ಲಿ ಮದರು ಅನ್ನುವ ಹೆಂಗಸಿಗೆ ಸಿಕ್ಕಿದ ಶಿವಲಿಂಗದ ಕಥೆ. ಗೋಡೆಯ ಮೇಲೆ ಮಗುವೊಂದು ಬರೆದ ಗಣಪತಿ ದಿನದಿಂದ ದಿನಕ್ಕೆ ಬೆಳೆದ ಕಥೆ. ಬೇಕಾದರೆ ಇನ್ನೂ ಹೇಳಿಯೇನು. ರಾಮಾಯಣವನ್ನು ಯಕ್ಷಗಾನಕ್ಕೆ ತಂದ ಪಾರ್ತಿಸುಬ್ಬನ ಊರಿನ ಹತ್ತಿರದವ ನಾನು, ಕಥೆ ಶುರು ಮಾಡಿದರೆ ಬೆಳಗಾಗುತ್ತದೆ.

ಇಲ್ಲಿ ಒಂದು ತೊಡಕು ಉಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ದೈವದ ಸ್ಟಾಂಪು ಆಗಬೇಕು ಅಂತ ನಾನು ನಮ್ಮೂರಿನ ಒಬ್ಬ ಹಿರಿಯರ ಹತ್ತಿರ ಹೇಳಿದೆ. ಅವರು ಹಲವು ವರ್ಷ ಕಾಲಿಗೆ ಗಗ್ಗರ ಕಟ್ಟಿ ದೈವದ ಕೋಲ ನಡೆಸಿದವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಿಂದಿನಿಂದ ಉಗುಳು ಹಚ್ಚುವುದು, ಮುಂದಿನಿಂದ ಮುಖಕ್ಕೆ ಕಪ್ಪು ಮಸಿ ಗುದ್ದುವುದು. ಇದು ದೈವಕ್ಕೆ ಮರ್ಯಾದೆಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಲವತ್ತು ವರ್ಷದಿಂದ ಸ್ಟಾಂಪು ಸೇರಿಸುವವನು ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪದ್ಮನಾಭನಿಗೆ ಮುಖದ ಬದಲು ಶಂಖ ಇಟ್ಟದ್ದರಲ್ಲಿ ಒಂದು ನಯ ಉಂಟು ಅಂತ ಹೊಳೆದದ್ದು ಆಗ. ಮೈಮೇಲೆ ಬಂದ ದೈವದ ಫೋಟೋ ಹೊಡೆದು ಸ್ಟಾಂಪಿಗೆ ಹಾಕಬೇಡಿ. ಈಗ ಕೋಲದ ಅಂಗಳದಲ್ಲಿ ದೈವಕ್ಕಿಂತ ಮೊಬೈಲೇ ಜಾಸ್ತಿ, ಅದಕ್ಕೆ ಇಲಾಖೆಯೂ ಸೇರುವುದು ಬೇಡ. ಮಾಡುವುದಿದ್ದರೆ ಗಗ್ಗರ ಇರಲಿ, ಬೆನ್ನಿಗೆ ಕಟ್ಟುವ ಅಣಿ ಇರಲಿ, ಎಳೆಯ ತೆಂಗಿನ ಗರಿಯ ಸಿರಿ ಇರಲಿ, ಪಂಜುರ್ಲಿ ದೈವದ ಮೊಗ ಇರಲಿ. ಅದಕ್ಕೂ ಮೊದಲು ದೈವ ಕಟ್ಟುವವರನ್ನು ಕೇಳಿ. ನಲಿಕೆಯವರು, ಪರವರು, ಪಂಬದರು, ಹೊಳೆಯ ಆಚೆ ವಣ್ಣಾನ್, ಮಲಯನ್ ಸಮುದಾಯದವರು. ಹೆಸರನ್ನೂ ಅವರು ಹೇಳಿದ ಹಾಗೆಯೇ ಬರೆಯಿರಿ. ಪಂಜುರ್ಲಿಗೆ "ಹಂದಿ ಮುಖವಾಡದ ಜಾನಪದ ಕುಣಿತ" ಅಂತ ಬರೆದರೆ ನಾನು ಆ ಸ್ಟಾಂಪು ಕೊಳ್ಳುವುದಿಲ್ಲ. ಕೊಂಡರೂ ಬೈದುಕೊಂಡೇ ಕೊಳ್ಳುತ್ತೇನೆ.

ಆ ಹಿರಿಯರ ಮಾತು ತಲೆಯಲ್ಲಿ ಕೊರೆಯುತ್ತಿದ್ದಾಗಲೇ ಈ ಪತ್ರದ ಬೇಡಿಕೆ ಹುಟ್ಟಿದ್ದು. ಹೊಸ ಸ್ಟಾಂಪು ದೆಹಲಿಯಲ್ಲಿ ತೀರ್ಮಾನ ಆಗಬೇಕು, ಸಮಿತಿ ಕೂರಬೇಕು. ಅದು ಅವರ ಪಾಡಿಗೆ ಆಗಲಿ. ಆದರೆ ಖಾಯಂ ಚಿತ್ರಮುದ್ರೆ ಅಂತ ಒಂದು ವ್ಯವಸ್ಥೆ ನಿಮ್ಮ ಇಲಾಖೆಯಲ್ಲೇ ಉಂಟಲ್ಲ? ಹೆಸರಾದ ಜಾಗಗಳ ಅಂಚೆಕಚೇರಿಗೆ ಕೊಡುವ ವಿಶೇಷ ಸೀಲು. ನಡುವೆ ಆ ಊರಿನ ಚಿತ್ರ, ಸುತ್ತ ಹೆಸರು, ತಾರೀಕು. ನಾವು ಸ್ಟಾಂಪು ಅಂಟಿಸಿದ ಕಾರ್ಡು ಕೊಟ್ಟರೆ ಅದರ ಮೇಲೆ ಹೊಡೆದುಕೊಡುತ್ತಾರೆ. ಇದರಲ್ಲಿ ಚಿತ್ರವೇ ಮಸಿ. ಅದಕ್ಕೆ ಉಗುಳು ಹಚ್ಚುವವರಿಲ್ಲ, ಅದರ ಮುಖಕ್ಕೆ ಗುದ್ದುವವರಿಲ್ಲ. ಹೀಗೆ ಅಂತ ಹಿರಿಯರಿಗೆ ಹೇಳಿದೆ. "ಹಾಗಾದರೆ ಅಡ್ಡಿ ಇಲ್ಲ" ಅಂದರು.

ಅದಕ್ಕೇ ಕೇಳುವುದು. ಕುಂಬಳೆ ಅಂಚೆಕಚೇರಿಗೆ, ಪಿನ್ 671321, ಅನಂತಪುರದ ಕೆರೆ ಮತ್ತು ಮೊಸಳೆಯ ಚಿತ್ರ ಇರುವ ಒಂದು ಖಾಯಂ ಮುದ್ರೆ ಕೊಡಿ. ಊರಿನ ಹೆಸರು ಹಿಂದಿ, ಇಂಗ್ಲಿಷ್, ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ. ಮೊಸಳೆಯ ಬಾಯಿ ತೆರೆದು ಹಲ್ಲು ತೋರಿಸಬೇಡಿ ಅಂತ ಚಿತ್ರಕಾರರಿಗೆ ಹೇಳಿ. ಅದು ಹಾಗೆ ಇರಲಿಲ್ಲ. ನೀರಿನ ಮೇಲೆ ಬರೀ ಕಣ್ಣು, ಮೂಗು ಸಾಕು.

ಇದರ ಜೊತೆಗೆ ಇನ್ನೊಂದು ಸಣ್ಣ ವಿಷಯ. ಹೊಸ ಸ್ಟಾಂಪು ಬಿಡುಗಡೆಯಾದ ದಿನ ನಮ್ಮ ಕಡೆಯ ಕೌಂಟರಿನಲ್ಲಿ ಕೇಳಿದರೆ "ಬಂದಿಲ್ಲ" ಅನ್ನುತ್ತಾರೆ. ಒಂದು ತಿಂಗಳು ಬಿಟ್ಟು ಕೇಳಿದರೆ "ಬರಲಿಕ್ಕಿಲ್ಲ" ಅನ್ನುತ್ತಾರೆ. ಕೌಂಟರಿನಲ್ಲಿ ಕೂತವರ ತಪ್ಪಲ್ಲ ಅದು, ಅವರಿಗೆ ಕಳಿಸಿದರಲ್ಲವಾ ಕೊಡುವುದು? 200 ರೂಪಾಯಿ ಕಟ್ಟಿ ಡೆಪಾಸಿಟ್ ಅಕೌಂಟು ಮಾಡಿದರೆ ಮನೆಗೇ ಬರುತ್ತದೆ ಎಂಬುದು ನನಗೆ ಗೊತ್ತು. ನನ್ನದೂ ಉಂಟು. ಒಮ್ಮೆ ಜುಲೈ ತಿಂಗಳಲ್ಲಿ ಬಂದ ಲಕೋಟೆ ತೆರೆದರೆ ಸ್ಟಾಂಪುಗಳೆಲ್ಲ ಒಂದಕ್ಕೊಂದು ಅಂಟಿ ಗಟ್ಟಿ ಹಲ್ವ ಆಗಿದ್ದವು. ನಮ್ಮ ಮಳೆ ಹೇಗೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಹಾಗಾಗಿ ನಾನು ಕಣ್ಣನ್ ಹೋದ ಹಾಗೆ ಮಂಗಳೂರಿನ ಬಸ್ಸು ಹತ್ತುತ್ತೇನೆ. ಐದು ರೂಪಾಯಿಯ ಸ್ಟಾಂಪಿಗೆ 50 ಕಿಲೋಮೀಟರ್. ನನಗೆ ಹುಚ್ಚು, ನಾನು ಹೋಗುತ್ತೇನೆ. ಏಳನೇ ತರಗತಿಯ ಮಗು ಹೋಗುವುದಿಲ್ಲ.

ಮಕ್ಕಳಿಗೆ ನೀವು ಸ್ಕಾಲರ್‌ಶಿಪ್ಪೂ ಇಟ್ಟಿದ್ದೀರಿ. 6ರಿಂದ 9ನೇ ತರಗತಿಯವರಿಗೆ ವರ್ಷಕ್ಕೆ 6,000 ರೂಪಾಯಿ, ಇಡೀ ದೇಶಕ್ಕೆ 920 ಮಂದಿಗೆ. ಒಳ್ಳೆಯ ಯೋಜನೆ. ನಮ್ಮ ಕನ್ನಡ ಮೀಡಿಯಂ ಶಾಲೆಯೊಂದರಲ್ಲಿ ನಾನು ಆಲ್ಬಂ ತೋರಿಸಲು ಹೋಗಿದ್ದಾಗ ಇದನ್ನು ಹೇಳಿದೆ. ಮೇಷ್ಟ್ರಿಗೇ ಹೊಸ ಸುದ್ದಿ. ಕನ್ನಡದಲ್ಲಿ ಒಂದು ಪುಟದ ನೋಟೀಸು ಮಾಡಿ ಕಳಿಸಿದರೆ ಸಾಕು, ಅಂಟಿಸುವ ಕೆಲಸ ನಾನೇ ಮಾಡುತ್ತೇನೆ. ಅಂಟಿಸುವುದರಲ್ಲಿ ನನಗೆ ಅನುಭವ ಉಂಟು.

300 ರೂಪಾಯಿ ಕೊಟ್ಟರೆ ನನ್ನ ಮುಖವನ್ನೇ 12 ಸ್ಟಾಂಪಿನಲ್ಲಿ ಅಚ್ಚು ಹಾಕಿಕೊಡುತ್ತೀರಿ, ಮೈ ಸ್ಟಾಂಪ್ ಅಂತ. ಮಗನ ಮದುವೆಗೆ ಮಾಡಿಸಿದ್ದೆ. ನೆಂಟರೆಲ್ಲ ಹೊಗಳಿದರು. ನನ್ನ ಮುಖಕ್ಕೆ ಸಿಕ್ಕಿದ್ದು ಕುಂಬಳೆಯ ಮೊಸಳೆಗೆ ಸಿಗಬಾರದಾ?

ಈ ಪತ್ರದ ಜೊತೆ ನನ್ನ ವಿಳಾಸ ಬರೆದ ಒಂದು ಲಕೋಟೆ ಇಟ್ಟಿದ್ದೇನೆ, ಉತ್ತರಕ್ಕೆ. ಅದರ ಮೇಲೆ 2001ರ ಮಂಗ ಮತ್ತು ಮೊಸಳೆಯ ಜೋಡಿ ಅಂಟಿಸಿದ್ದೇನೆ. ನನ್ನ ಹತ್ತಿರ ಇನ್ನೊಂದು ಜೊತೆ ಇರುವುದರಿಂದ ಈ ಧೈರ್ಯ. ಕಳಿಸುವಾಗ ಸೀಲು ಹೊಡೆಯುವವರಿಗೆ ಒಂದು ಮಾತು ಹೇಳಿಬಿಡಿ. ಪೆನ್ನಿನಲ್ಲಿ ಗೀಚುವುದು ಬೇಡ. ಮೂಲೆಗೆ, ಮೆಲ್ಲ.

ಇತಿ ನಿಮ್ಮ,
ಬದಿಯಡ್ಕದ ಒಬ್ಬ ಸ್ಟಾಂಪು ಸಂಗ್ರಹಕಾರ